ದಡ್ ಅನ್ನದ ಅರಮನೆ

ಇಳಕಲ್ಲಿನ ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಉಗುಳಲೂ ಮೇಲೇಳದೆ, ಜಪಾನಿನಲ್ಲಿ ಅರಮನೆ ಕೊಂಡ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ. ಅವನು ನಮ್ಮ ಅಮಾತೆಪ್ಪ ಮಾವ, ಅಂದರೆ ನನ್ನ ಅಕ್ಕ ಸಂಗವ್ವನ ಗಂಡ. ಆ ವ್ಯಾಪಾರಕ್ಕೆ ಮೊದಲಿನಿಂದ ಕೊನೆಯವರೆಗೂ ಸಾಕ್ಷಿ ಈ ಕಾಶಪ್ಪ. ಬಜಾರಿನಲ್ಲಿ ನನ್ನ ಸೀರೆಯಂಗಡಿ ಇದೆ. ನನ್ನ ಅಂಗಡಿಯ ಸೀರೆ ಉಟ್ಟವಳು ಬಸ್ ಸ್ಟ್ಯಾಂಡಿಗೆ ಬಂದರೆ ಹೊರಟ ಬಸ್ಸು ತಾನಾಗಿಯೇ ನಿಲ್ಲುತ್ತದೆ. ಬೇಕಾದರೆ ಹುನಗುಂದದ ಡ್ರೈವರುಗಳನ್ನು ಕೇಳಿ. ಇಂಥ ಮನುಷ್ಯ ಸುಳ್ಳು ಹೇಳುತ್ತಾನೆಯೇ?

ಅದು ಎಂಬತ್ತರ ದಶಕ. ನಮ್ಮೂರಿನ ಕೆಂಪು ಕಲ್ಲಿಗೆ ಹಡಗು ಹತ್ತುವ ಯೋಗ ಬಂದ ಕಾಲ. ಅಮಾತೆಪ್ಪ ಮಾವನಿಗೆ ಊರ ಹೊರಗೆ ಒಂದು ಸಣ್ಣ ಕ್ವಾರಿ ಇತ್ತು. ಅದರಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ತೆಗೆದ ಒಂದೇ ಒಂದು ದೊಡ್ಡ ಕಲ್ಲಿತ್ತು. ಅದನ್ನು ಎಲ್ಲರೂ ಆನೆಕಲ್ಲು ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅದರ ಪಕ್ಕದಲ್ಲಿ ಆನೆ ನಿಂತರೆ ಆನೆಯೇ ನಾಚಿಕೊಳ್ಳಬೇಕು. ಆ ಕಲ್ಲು ಮಾರಿ ಬಂದ ಹಣದಲ್ಲಿ ಸ್ವಂತ ಮನೆ ಕಟ್ಟಿಸಿಕೊಡುತ್ತೇನೆಂದು ಮಾವ ನನ್ನ ಅಕ್ಕನಿಗೆ ಬನಶಂಕರಿಯ ಆಣೆ ಇಟ್ಟಿದ್ದ.

ಅಕ್ಕನಿಗೆ ಮನೆಯಲ್ಲಿ ಅಂಥ ದೊಡ್ಡ ಆಸೆಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಬಾಗಿಲು.

"ಸಿಟ್ಟು ಬಂದಾಗ ದಡ್ ಅಂತ ಹಾಕ್ಕೊಳ್ಳಾಕ ನಂದೂ ಅಂತ ಒಂದು ಬಾಗಲಾ ಬೇಕು, ತಮ್ಮಾ," ಎನ್ನುತ್ತಿದ್ದಳು. "ಬಾಡಿಗಿ ಮನ್ಯಾಗ ಸಿಟ್ಟೂ ಬಾಡಿಗೀದ."

ಇದು ಖರೆಯ ಮಾತು. ಅವರ ಮನೆ ಇಂದ್ರವ್ವನದು. ಇಂದ್ರವ್ವ ಗೋಡೆಯಾಚೆ ಕಿವಿಯಿಟ್ಟುಕೊಂಡೇ ಹುಟ್ಟಿದವಳು. ಗಂಡ ಹೆಂಡಿರ ನಡುವೆ ಮಾತು ಏರಿ, ಅಕ್ಕ ಬಾಗಿಲಿಗೆ ಕೈ ಹಾಕಿದಳೋ ಇಲ್ಲವೋ, ಆಚೆಯಿಂದ ಕೂಗು ಬರುತ್ತಿತ್ತು: "ಸಾವಕಾಶ ಸಂಗವ್ವಾ! ಅದು ನಮ್ಮಪ್ಪ ಸಾಗವಾನಿಯೊಳಗ ಮಾಡಿಸಿದ ಬಾಗಲಾ. ನಿಮ್ಮ ಜಗಳಕ್ಕ ಮಾಡಿಸಿದ್ದಲ್ಲ!" ಆಗ ಅಕ್ಕ ಕೂಸನ್ನು ತೊಟ್ಟಿಲಿಗೆ ಹಾಕುವವಳಂತೆ ಬಾಗಿಲನ್ನು ಮೆಲ್ಲಗೆ ಮುಚ್ಚಬೇಕು. ಹಾಗೆ ಮುಚ್ಚಿದ ಬಾಗಿಲಿನ ಹಿಂದೆ ಯಾವ ಹೆಂಗಸು ಸಿಟ್ಟಾಗಿ ಉಳಿದಾಳು? ಇಷ್ಟು ವರ್ಷ ಸಂಸಾರ ಮಾಡಿ ನನ್ನ ಅಕ್ಕ ಒಂದು ಜಗಳವನ್ನೂ ಗೆದ್ದಿರಲಿಲ್ಲ.

ಹೀಗಿರುವಾಗ ಮದ್ರಾಸಿನ ಕಲ್ಲಿನ ಏಜೆಂಟನಿಂದ ಲಾರಿ ಮಾಲೀಕ ಮುರ್ತುಜಸಾಬನಿಗೆ ಫೋನು ಬಂತು. ಜಪಾನಿನಿಂದ ಕಲ್ಲು ನೋಡಲು ತಾನಾಬೆ ಎಂಬವರು ಬರುತ್ತಾರೆ ಎಂದು. ಲೈನಿನಲ್ಲಿ ಗರಗರ. ಮುರ್ತುಜಸಾಬ ಓಡಿ ಬಂದ.

"ಅಮಾತೆಪ್ಪಣ್ಣಾ, ಜಪಾನದಿಂದ ಒಬ್ಬಾಕಿ ಬರಾಕತ್ತಾಳ. ತಾನಾಬಿ ಅಂತ ಹೆಸರು."

"ಹೆಣ್ಮಗಳೇನೋ?"

"ಮತ್ತ? ನಮ್ಮ ಗುಲಾಬಬಿ ಇಲ್ಲೇನು, ಕಾಸಿಂಬಿ ಇಲ್ಲೇನು? ಹಂಗ ತಾನಾಬಿ."

ಹೆಣ್ಣುಮಗಳು ಮೊದಲ ಸಲ ಮನೆಗೆ ಬಂದರೆ ಉಡಿ ತುಂಬದೆ ಕಳಿಸಲಾದೀತೇ? ಅಕ್ಕ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಬಳೆ ಎಲ್ಲ ಹೊಂದಿಸಿದಳು. ನಾನು ಅಂಗಡಿಯಿಂದ, ಕೆಂಪಿನ ಮೇಲೆ ಬಿಳಿ ಗೋಪುರ ನೆಯ್ದ ಟೋಪಿತೆನಿ ಸೆರಗಿನ ಸೀರೆ ತಂದೆ. ಅಂಥ ಸೀರೆಯನ್ನು ನಾನು ಮೈಸೂರು ಅರಮನೆಯವರು ಕೇಳಿದ್ದರೂ ಕೊಡುತ್ತಿರಲಿಲ್ಲ. ಅವರು ಕೇಳಲಿಲ್ಲ, ಅದು ಬೇರೆ ಮಾತು.

ಜೀಪು ಬಂತು. ಇಳಿದದ್ದು ಕೋಟು ತೊಟ್ಟ, ಟೋಪಿ ಹಾಕಿದ, ನಡುವಯಸ್ಸಿನ ಗಂಡಸು. ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ನನ್ನ ಅಕ್ಕ ತಟ್ಟೆ ಹಿಡಿದು ಹೊಸಿಲಿಗೆ ಬಂದಾಗಿತ್ತು. ತಂದ ಉಡಿಯನ್ನು ಒಳಗೆ ಒಯ್ಯುವುದು ಶುಭವಲ್ಲ. "ಬಂದಾಂವ ಯಾರರ ಆಗಲಿ," ಎಂದು ಮುಂದೆ ನಡೆದೇಬಿಟ್ಟಳು. ಆ ಪುಣ್ಯಾತ್ಮ ಒಂದು ಕ್ಷಣ ನೋಡಿ, ಟೋಪಿ ತೆಗೆದು ಎರಡೂ ಕೈಯಲ್ಲಿ ಒಡ್ಡಿದ. ಅಕ್ಕಿ, ಕೊಬ್ಬರಿ, ಬಳೆ, ಸೀರೆ, ಎಲ್ಲ ಟೋಪಿಗೆ ಬಿದ್ದವು. ಅವನು ನಡು ಬಗ್ಗಿಸಿ ನಮಸ್ಕರಿಸಿದ. ಮಾವ ಬಿಟ್ಟಾನೆಯೇ? ಅವನೂ ಬಗ್ಗಿದ. ಅವನು ಇನ್ನೂ ಬಗ್ಗಿದ, ಇವನು ಮತ್ತೂ ಬಗ್ಗಿದ. ಇಬ್ಬರ ಮೂಗೂ ನೆಲ ಮುಟ್ಟುವುದರಲ್ಲಿತ್ತು. ಅಷ್ಟರಲ್ಲಿ ನಾನು ನಡುವೆ ನಿಂತು ಇಂಡಿಯಾದ ಮಾನ ಉಳಿಸಿದೆ.

ಆನೆಕಲ್ಲನ್ನು ನೋಡಿ ತಾನಾಬಿಯ ಕಣ್ಣಲ್ಲಿ ನೀರು ಬಂತು. (ಹೆಸರು ಒಮ್ಮೆ ಅಂಟಿದ ಮೇಲೆ ಅವನು ಗಂಡಸೆಂದು ಗೊತ್ತಾಗಿಯೂ ನಮ್ಮೂರಿಗೆ ತಾನಾಬಿಯೇ.) ಕಲ್ಲನ್ನು ಸವರಿದ, ಕಿವಿಯಿಟ್ಟು ಕೇಳಿದ, ನೀರು ಹಾಕಿ ಬಣ್ಣ ನೋಡಿದ. ಅವನಿಗೆ ಬರುವ ಇಂಗ್ಲಿಷು ಒಂದು ಹಿಡಿ, ನಮಗೆ ಬರುವುದು ಅರ್ಧ ಹಿಡಿ. ಅದಕ್ಕೇ ಮಾತೆಲ್ಲ ಮುರ್ತುಜಸಾಬ ತನ್ನ ಉರ್ದುವಿನಲ್ಲಿ ಆಡಿದ. ಯಾಕೆಂದರೆ ಮೊದಲ ಪ್ರಶ್ನೆಗೇ ತಾನಾಬಿ "ಹೈ" ಎಂದಿದ್ದ.

"ನೋಡ್ರಿ," ಎಂದು ಮುರ್ತುಜಸಾಬ ಎದೆ ಉಬ್ಬಿಸಿದ. "ಹೈ ಅಂತಾನ! ಅಸಲ್ ಉರ್ದು!"

"ಈ ಕಲ್ಲು ಅವರಿಗೆ ಯಾತಕ್ಕ ಅಂತ ಕೇಳು," ಎಂದ ಮಾವ.

ಮುರ್ತುಜಸಾಬ ಕೈಬಾಯಿ ತಿರುಗಿಸಿ ಕೇಳಿದ. ತಾನಾಬಿ ಬಹಳ ಭಕ್ತಿಯಿಂದ ಹೇಳಿದ: "ಹಾಕಾ."

"ಹಾಕಾಕಂತ!" ಮಾವನಿಗೆ ಆನಂದವೋ ಆನಂದ. "ನೆಲಕ್ಕ ಹಾಕಾಕ ಬೇಕಂತ. ಕನ್ನಡಾನೂ ಬರ್ತೈತಲೇ ಇವಗ!"

ಆಮೇಲೆ ಚಹಾ ಕುಡಿಯುವಾಗ ತಾನಾಬಿ ಕಿಸೆಯಿಂದ ಒಂದು ಫೋಟೋ ತೆಗೆದ. ಬಾದಾಮಿಯ ಗುಡ್ಡದಷ್ಟು ಎತ್ತರದ ಕಟ್ಟಡ. ಸಾಲುಸಾಲು ಕಿಟಕಿ. ಪ್ರತಿ ಗ್ಯಾಲರಿಯಲ್ಲೂ ಒಣಗಹಾಕಿದ ಕೌದಿ. ಅದಕ್ಕೆ ಬೆರಳಿಟ್ಟು ಹೆಮ್ಮೆಯಿಂದ ಹೇಳಿದ: "ಓಲ್ಡ್ ಮ್ಯಾನ್ಶನ್. ನಿಯರ್ ಟೋಕಿಯೋ. ಮೈ ಇನ್ವೆಸ್ಟಮೆಂಟ್."

ನಿವೃತ್ತ ಇಂಗ್ಲಿಷ್ ಮಾಸ್ತರ ಅಂದಪ್ಪನವರು ಪಕ್ಕದಲ್ಲೇ ಇದ್ದರು. ಕನ್ನಡಕ ಏರಿಸಿ ತೀರ್ಪು ಕೊಟ್ಟರು: "ಮ್ಯಾನ್ಶನ್ ಅಂದರೆ ಮಹಲು. ಭವ್ಯ ಬಂಗಲೆ. ಅರಮನೆ ಅಂದರೂ ನಡೀತದ."

ಮಾವನ ಎಲೆಅಡಿಕೆ ಬಾಯಲ್ಲೇ ನಿಂತಿತು. ಮುರ್ತುಜಸಾಬನನ್ನು ಹತ್ತಿರ ಎಳೆದು ಪಿಸುಗುಟ್ಟಿದ: "ಕೊಡ್ತಾನೇನು ಕೇಳಲೇ."

"ಬೇಚತೇ ಹೈ ಕ್ಯಾ?"

"ಹೈ," ಎಂದ ತಾನಾಬಿ, ತಲೆ ಬಾಗಿಸಿ.

"ಈ ಒಂದು ಕಲ್ಲಿಗೆ?" ಮುರ್ತುಜಸಾಬ ಕಲ್ಲು ತೋರಿಸಿ, ಫೋಟೋ ತೋರಿಸಿ, ಒಂದು ಬೆರಳು ಎತ್ತಿದ.

"ಹೈ, ಹೈ!"

ಮಾವ ಅವನ ಕೈ ಹಿಡಿದು ಕುಲುಕಿದ. ಕಲ್ಲು ಆವತ್ತೇ ಲಾರಿ ಹತ್ತಿತು.

ಸಂಜೆ ಅಕ್ಕ ತಾನಾಬಿ ಬಿಟ್ಟುಹೋದ ಫೋಟೋವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಅರಮನಿ ಅಂತೀರಿ. ಒಬ್ಬ ರಾಜಾಗ ಇಷ್ಟು ಕೌದಿ ಯಾಕ?"

"ಬೀಗರು ಬಂದಿರಬೇಕು."

"ಮತ್ತ ಹಳೇದು ಅಂತಲ್ರಿ? ಹಳೇ ಮನಿ ಯಾಕ ತಗೊಂಡ್ರಿ?"

ಮಾವ ನಕ್ಕ. ಜಗತ್ತಿನ ಎಲ್ಲ ಶೇರು ಬಜಾರುಗಳನ್ನು ಅರೆದು ಕುಡಿದವನ ನಗೆ ಅದು. "ಹುಚ್ಚೀ, ಬಾದಾಮಿ ಗುಡಿ ಹಳೇವಾದಂಗೆಲ್ಲ ಕಿಮ್ಮತ್ತು ಏರಿಲ್ಲೇನು? ಹೊಸಾ ಗುಡಿಗೆ ಯಾರ ಬರ್ತಾರ ನೋಡಾಕ? ಇದಕ್ಕ ಇನ್ವೆಸ್ಟಮೆಂಟ್ ಅಂತಾರ."

"ನನ್ನ ಬಾಗಲಾ?"

"ಅರಮನಿಗೆ ಬಾಗಲಾ ಇರೂದಿಲ್ಲೇನು? ನೂರು ಬಾಗಲಾ ಇರ್ತಾವ. ದಿನಾ ಒಂದೊಂದು ಬಡಿ!"

ನಾನು ಆ ಸುದ್ದಿಯನ್ನು ಒಬ್ಬರಿಗೂ ಹೇಳಲಿಲ್ಲ. ಅಂಗಡಿಗೆ ಬಂದವರಿಗೆ ಮಾತ್ರ ಹೇಳಿದೆ. ಟೋಕಿಯೋ ಎಂಬುದು ಸೀರೆಯಾದರೆ ನಮ್ಮ ಅರಮನೆ ಇರುವ ಊರು ಅದರ ಸೆರಗು, ಅದೂ ಟೋಪಿತೆನಿ ಸೆರಗು ಎಂದು ತಿಳಿಸಿ ಹೇಳಿದೆ. ವಾರದೊಳಗೆ ಸುದ್ದಿ ಮಲಪ್ರಭೆ, ಘಟಪ್ರಭೆ ಎರಡನ್ನೂ ದಾಟಿತು.

ಮೊದಲು ಬಂದವಳು ಮಾವನ ಅಕ್ಕ ಶಿವಲಿಂಗವ್ವ, ಬಾಗಲಕೋಟೆಯಿಂದ, ಟ್ರಂಕಿನ ಸಮೇತ.

"ನಮ್ಮ ಮನಿ ಡ್ಯಾಮಿನ ನೀರಾಗ ಮುಳುಗಡಿ ಆಗ್ತೈತಂತ. ನವನಗರದಾಗ ಜಾಗಾ ಕೊಡ್ತಾರಂತ. ಬಟಾಬಯಲಪಾ ಅದು, ನನಗ್ಯಾಕ ಬೇಕು? ನಿನ್ನ ಅರಮನ್ಯಾಗ ಒಂದು ಖೋಲಿ ಕೊಡು."

"ದೂರ ಐತೆವ್ವಾ. ಸಮುದ್ರ ದಾಟಬೇಕು."

"ದಾಟಿದ್ರ ದಾಟೋಣ. ಮೂಡಣ ದಿಕ್ಕಿನ್ಯಾಗ ಐತಿ ಅಂದ ಮ್ಯಾಲೆ ವಾಸ್ತುಕ್ಕ ಛಲೋ. ಒಂದ ಮಾತು ಹೇಳು, ನೀರಿನ ಸನೇಕ ಇಲ್ಲಲಾ? ಎರಡೆರಡು ಸರ್ತಿ ಮುಳುಗಾಕ ನನ್ನ ಕೈಲೆ ಆಗಂಗಿಲ್ಲ."

ಆಮೇಲೆ ಬಂದವನು ಪುರಸಭೆಯ ಕರ ವಸೂಲಿ ಗುಮಾಸ್ತ. ಕಟ್ಟೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡ.

"ಅರಮನಿ ತಗೊಂಡೀರಂತ. ನಮಗ ತಿಳಿಸಿಲ್ಲ."

"ಜಪಾನದಾಗ ಐತ್ರಿ ಅದು."

"ಎಲ್ಲೆರ ಇರಲಿ. ಯಾವ ವಾರ್ಡಿನ್ಯಾಗ ಬರ್ತೈತಿ?"

ಅಂದಪ್ಪ ಮಾಸ್ತರರು ಭೂಗೋಳ ಬಿಡಿಸಿ ಹೇಳಿದರು. ಗುಮಾಸ್ತ ಎಲ್ಲವನ್ನೂ ಗಂಭೀರವಾಗಿ ಕೇಳಿ, ಕೊನೆಗೆ ಕೇಳಿದ: "ಅಲ್ಲಿ ಗಟಾರ ಯಾರ ಬಳೀತಾರ್ರಿ? ನಮ್ಮ ಮಂದಿನ?"

"ಅಲ್ಲ."

"ಹಂಗಾರ ತೆರಿಗಿ ಇಲ್ಲ ಬಿಡ್ರಿ," ಎಂದು ಚಹಾ ಕುಡಿದು ಹೋದ. ಇಂಥ ನ್ಯಾಯವಂತ ಅಧಿಕಾರಿಗಳು ಈಗ ಎಲ್ಲಿದ್ದಾರೆ?

ಇಂದ್ರವ್ವ ಮಾತ್ರ ಬಾಡಿಗೆ ಮನೆಯವರು ರಾಜರಾದದ್ದನ್ನು ಸಹಿಸಲಿಲ್ಲ. ದಿನಾ ಗೋಡೆಯಾಚೆಯಿಂದ ಒಂದೇ ಪ್ರಶ್ನೆ: "ಸಂಗವ್ವಾ, ಅರಮನಿ ಕೀಲಿಕೈ ಬಂತೇನವ್ವಾ?"

ಅದು ಬರಲಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಬಂತು. ಕಲ್ಲು ಹಡಗು ಹತ್ತಿತೆಂದು ಸುದ್ದಿ ಬಂತು, ಕೀಲಿಕೈ ಬರಲಿಲ್ಲ. ಮದ್ರಾಸಿನ ಏಜೆಂಟ ಕಲ್ಲಿನ ಹಣ ತಗೊಳ್ಳಿ ಎಂದು ಹೇಳಿಕಳಿಸಿದರೆ ಮಾವ, "ಹಣ ಒಲ್ಲೆ, ನಮ್ಮ ನಮ್ಮೊಳಗ ಮಾತಾಗೇತಿ" ಎಂದು ಕಣ್ಣು ಹೊಡೆದು ಕಳಿಸುತ್ತಿದ್ದ. ಈಗ ಕ್ವಾರಿಯಲ್ಲಿ ಕಲ್ಲಿಲ್ಲ, ಪೆಟ್ಟಿಗೆಯಲ್ಲಿ ಹಣವಿಲ್ಲ, ಕೈಯಲ್ಲಿ ಕೀಲಿಕೈ ಇಲ್ಲ. ಇರುವುದೊಂದು ಕೌದಿಯ ಫೋಟೋ. ಅಕ್ಕ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದು ನಿಂತಳು.

"ಆ ತಾನಾಬಿಗೆ ಫೋನ್ ಹಚ್ಚರಿ. ನನ್ನ ಮುಂದ ಹಚ್ಚರಿ."

ಇಳಕಲ್ ಪೋಸ್ಟಾಫೀಸಿನಿಂದ ಜಪಾನಿಗೆ ಟ್ರಂಕ್ ಕಾಲ್! ಪೋಸ್ಟ್ ಮಾಸ್ತರರು ಕೋಟು ತೊಟ್ಟು ಬಂದರು. ಅಂಚೆಚೀಟಿ ಮಾರುವ ಕಿಂಡಿ ಮುಚ್ಚಿತು. ನೇಕಾರರು ಮಗ್ಗ ಬಿಟ್ಟು ಬಂದರು. ಆ ದಿನ ಇಡೀ ಇಳಕಲ್ಲಿನಲ್ಲಿ ಒಂದು ಲಾಳಿಯೂ ಓಡಲಿಲ್ಲ. ತಾನಾಬಿ ಕೊಟ್ಟ ಚೀಟಿಯ ಮೇಲಿನ ನಂಬರನ್ನು ಬಾಗಲಕೋಟೆಗೆ ಕೂಗಿ ಹೇಳಿದರು. ಬಾಗಲಕೋಟೆಯವರು ಬೊಂಬಾಯಿಗೆ ಕೂಗಿದರು. ಬೊಂಬಾಯಿಯವರು ಯಾರಿಗೆ ಕೂಗಿದರೋ ದೇವರೇ ಬಲ್ಲ. ಮಧ್ಯಾಹ್ನದ ಹೊತ್ತಿಗೆ ಲೈನು ಸಿಕ್ಕಿತು. ಮಾವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದ.

ಆ ಕಡೆಯಿಂದ ತಾನಾಬಿಯ ದನಿ ಸ್ಪಷ್ಟವಾಗಿ ಬಂತು: "ಮೋಶಿ, ಮೋಶಿ!"

ಮಾವನ ಮುಖ ಸುಣ್ಣವಾಯಿತು.

"ಏನಂತಾನ?" ಎಂದಳು ಶಿವಲಿಂಗವ್ವ.

"ಮೋಸ... ಮೋಸ ಅಂತಾನ," ಎನ್ನುತ್ತ ಮಾವ ಅಂಚೆಚೀಲಗಳ ರಾಶಿಯ ಮೇಲೆ ಕುಸಿದ. "ತಾನ ಬಾಯಿಬಿಟ್ಟು ಹೇಳಾಕತ್ತಾನಲೋ, ಎರಡೆರಡು ಸರ್ತಿ!"

ಪೋಸ್ಟಾಫೀಸು ಕಲಕಿದ ಜೇನುಗೂಡಾಯಿತು. "ಮೋಸ ಆತಂತ! ಆನೆಕಲ್ಲು ಹೋತಂತ!" ಇಂದ್ರವ್ವ ಎಲ್ಲರಿಗಿಂತ ಮುಂದೆ ನಿಂತು, "ಪಾಪ, ಪಾಪ" ಎಂದು ಬಾಯಿ ತುಂಬ ಮರುಗಿದಳು. ಮುರ್ತುಜಸಾಬ ಮಾವನ ಮುಖಕ್ಕೆ ಗೋಂದಿನ ನೀರು ಚಿಮುಕಿಸಿದ. ಹತ್ತಿರದಲ್ಲಿದ್ದದ್ದು ಅದೇ.

ನೇತಾಡುತ್ತಿದ್ದ ರಿಸೀವರನ್ನು ನನ್ನ ಅಕ್ಕ ಹಿಡಿದುಕೊಂಡಳು. ಆ ಕಡೆಯಿಂದ ಮತ್ತೆ, "ಮೋಶಿ ಮೋಶಿ?"

ಅಕ್ಕನ ಮುಖ ಅರಳಿತು. "ಏ, ಸುಮ್ಮನಿರ್ರಿ ಎಲ್ಲಾರೂ! ಮೋಸ ಅಲ್ಲ. ಮೌಶಿ, ಮೌಶಿ ಅಂತ ಕರಿಯಾಕತ್ತೈತಿ ಕೂಸು! ಉಡಿ ತುಂಬಿದ್ದು ನೆನಪಿಟ್ಟೈತಿ!" ಮೌಶಿ ಎಂದರೆ ನಮ್ಮಲ್ಲಿ ಚಿಕ್ಕಮ್ಮ. ಅಕ್ಕ ಫೋನಿನೊಳಗೆ ಕೂಗಿದಳು, ಫೋನಿಲ್ಲದಿದ್ದರೂ ಜಪಾನಿಗೆ ಮುಟ್ಟುವಂತೆ: "ಹೌದಪಾ, ನಾನ, ನಿನ್ನ ಮೌಶಿ! ಕೀಲಿಕೈ! ಕೀಲಿಕೈ!"

ಆ ಕಡೆಯಿಂದ ಸಂತೋಷದ ದನಿ: "ಹೈ! ಕೀರೇ! ಕೀರೇ!"

"ಕೀಲಿ ಅಂತಾನ!" ಮುರ್ತುಜಸಾಬ ಕುಣಿದ. "ಲ ಬರಂಗಿಲ್ಲ ಅವರಿಗೆ, ರ ಅಂತಾರ. ಕೀಲಿ ಕೊಡ್ತಾನ!"

ಲೈನು ಕಡಿಯಿತು. ಅಂಚೆಚೀಲದ ಮೇಲಿದ್ದ ಮಾವ, ಹಣೆಯ ಮೇಲೆ ಗೋಂದು ಒಣಗುತ್ತಿರಲು, ಮತ್ತೆ ರಾಜನಾಗಿ ಎದ್ದ.

ಕೀಲಿಕೈ ಬರಲಿಲ್ಲ, ತಾನಾಬಿಯೇ ಬಂದ. ಯುಗಾದಿಯ ಹಿಂದೆಮುಂದೆ ಜೀಪು ನಿಂತಿತು. ಜೊತೆಗೆ ಬೊಂಬಾಯಿಯಿಂದ ಕರೆತಂದ, ಜಪಾನಿ ಭಾಷೆ ಕಲಿತ ಒಬ್ಬ ದುಭಾಷಿ. ಅವನು ಹುಬ್ಬಳ್ಳಿಯ ಕಡೆ ಬೆಳೆದವನಾದ್ದರಿಂದ ಮನುಷ್ಯರ ಮಾತು ಬರುತ್ತಿತ್ತು. ಇಡೀ ಓಣಿ ಕಟ್ಟೆಗೆ ಜಮಾಯಿಸಿತು. ಮಾವ ಕೈ ಚಾಚಿದ: "ತಾ, ಕೀಲಿಕೈ."

ದುಭಾಷಿ ತಾನಾಬಿಯೊಡನೆ ಬಹಳ ಹೊತ್ತು ಮಾತಾಡಿದ. ಆಮೇಲೆ ತಲೆ ಕೆರೆದುಕೊಂಡ.

"ಅಮಾತೆಪ್ಪನವರ, ಹ್ಯಾಂಗ ಹೇಳಬೇಕು ತಿಳೀವಲ್ದು. ಅವರಲ್ಲಿ ಹೈ ಅಂದ್ರ ಪ್ರತಿ ಸಲ ಹೂಂ ಅಂತಲ್ಲ. ಕೇಳಾಕತ್ತೇನಿ, ಮುಂದ ಹೇಳ್ರಿ, ಅಂತ ಮರ್ಯಾದಿಗೆ ಅಂತಾರ."

ಎಲ್ಲರೂ ಮುರ್ತುಜಸಾಬನ ಕಡೆ ನೋಡಿದರು. ಮುರ್ತುಜಸಾಬ ಆಕಾಶದ ಕಡೆ ನೋಡಿದ.

"ಮೋಶಿ ಮೋಶಿ ಅಂದ್ರ ಫೋನಿನ್ಯಾಗ ಹಲೋ ಅಂದಂಗ. ನೀವು ಕೀಲಿಕೈ ಅಂದದ್ದು ಅವರ ಕಿವಿಗೆ ಅವರ ಭಾಷಾದಾಗ ‘ಚಂದ ಐತೇನು?’ ಅಂದಂಗ ಕೇಳೇತಿ. ಅವ್ರು ನೀವು ಕೊಟ್ಟ ಸೀರಿ ಬಗ್ಗೆ ಕೇಳಾಕತ್ತೀರಿ ಅಂತ ತಿಳದು, ಚಂದ ಐತಿ, ಚಂದ ಐತಿ ಅಂದಾರ."

ಇದೊಂದು ಮಾತಿನಲ್ಲಾದರೂ ಜಪಾನಿಗೆ ತಿಳಿವಳಿಕೆ ಇದೆಯೆಂದು ನಾನು ಮೆಚ್ಚಿದೆ.

"ಮತ್ತ ಮ್ಯಾನ್ಶನ್?" ಮಾವನ ದನಿ ಬಾವಿಯಿಂದ ಬಂತು.

"ಅಲ್ಲಿ ಮಾಳಿಗಿ ಮ್ಯಾಲೆ ಮಾಳಿಗಿ ಕಟ್ಟಿದ ಚಾಳಿನ ಮನಿಗೆ ಮ್ಯಾನ್ಶನ್ ಅಂತಾರ್ರಿ. ಇವ್ರದು ನಾಕನೇ ಮಾಳಿಗಿ. ಎರಡು ಖೋಲಿ, ಒಂದು ಅಡಗಿಮನಿ. ಹಳೇದಾದ್ರ ಅಲ್ಲಿ ಬೆಲಿ ಇಳೀತೈತಿ, ಅದಕ್ಕ ಸೋವಿ ಸಿಕ್ಕಿತ್ತು. ಮುಂದ ಬಾಡಿಗಿಗೆ ಕೊಡಬೇಕಂತ ತಗೊಂಡಿದ್ರಂತ. ಈಗ ಗಂಡ ಹೆಂಡ್ತಿ ಅದರಾಗ ಅದಾರ."

"ಹಳೇದಾದ್ರ ಬೆಲಿ ಇಳೀತೈತಾ!" ಅಂದಪ್ಪ ಮಾಸ್ತರರು ಬೆಚ್ಚಿದರು. "ಇದನ್ನ ಬಾದಾಮಿ ಮಂದಿಗೆ ಹೇಳಬ್ಯಾಡ್ರಿ."

"ಆ ಕಲ್ಲು?" ಎಂದಳು ಅಕ್ಕ. "ಹಾಕಾಕ ಅಂದಿದ್ರಲ್ಲ?"

ದುಭಾಷಿ ದನಿ ತಗ್ಗಿಸಿದ. "ಹಾಕಾ ಅಂದ್ರ ಗೋರಿ ಅಂತ್ರಿ ತಂಗೀ. ನಿಮ್ಮ ಕಲ್ಲಿನ್ಯಾಗ ಅವರ ಹಿರಿಯರ ಗೋರಿ ಆಗ್ಯಾವ."

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಸತ್ತವರಿಗೆ ಆನೆಕಲ್ಲು, ಇದ್ದವರಿಗೆ ಎರಡು ಖೋಲಿ. ಛಲೋ ಊರಪಾ," ಎಂದಳು.

ಅಷ್ಟರಲ್ಲಿ ತಾನಾಬಿ ಎದ್ದು ನಿಂತಿದ್ದ. ತನ್ನಿಂದಾದ ಗೊಂದಲ ತಿಳಿದು ಅವನ ಮುಖ ಕುಂಕುಮದಂತಾಗಿತ್ತು. ನಡು ಬಗ್ಗಿಸಿ, ಮೇಲೇಳದೆ, ಏನೇನೋ ಹೇಳಿದ. ದುಭಾಷಿ ಅದನ್ನು ಕನ್ನಡಕ್ಕೆ ತಂದ.

"ಅವ್ರು ಹೇಳ್ತಾರ, ತಿಳೀದಿದ್ರೂ ಗೋಣು ಹಾಕಿದ್ದು ನಾನು. ನೀವು ನಂಬಿ ಕಲ್ಲು ಕೊಟ್ರಿ, ಹಣಾನೂ ಮುಟ್ಟಲಿಲ್ಲ. ಮಾತು ಅಂದ್ರ ಮಾತು. ಆ ಮನಿ ನಿಮ್ಮದು. ನನ್ನ ಹೆಂಡ್ತಿನ್ನ ಬಾಡಿಗಿಗೆ ಇರಾಕ ಬಿಟ್ರ ಸಾಕು."

ಮಾವ ಮೀಸೆಗೆ ಕೈ ಹಾಕಿದ. ಎರಡು ಖೋಲಿಯಾದರೇನು, ಜಪಾನು ಜಪಾನೇ! ಆದರೆ ತಾನಾಬಿ ಕಿಸೆಯಿಂದ ತೆಗೆದ ಹೊಸ ಫೋಟೋ ಅಕ್ಕನ ಕೈಯಲ್ಲಿತ್ತು. ಅದರಲ್ಲಿ ಕೌದಿಗಳ ನಡುವೆ, ಇಷ್ಟಗಲದ ಗ್ಯಾಲರಿಯಲ್ಲಿ, ನನ್ನ ಅಂಗಡಿಯ ಸೀರೆಯನ್ನು ತಲೆಕೆಳಗಾಗಿ ಸುತ್ತಿಕೊಂಡು, ಕೈತುಂಬ ಹಸಿರು ಬಳೆ ತೊಟ್ಟು, ಒಬ್ಬ ಸಣ್ಣ ಹೆಂಗಸು ನಗುತ್ತಿದ್ದಳು.

ಅಕ್ಕ ತಲೆ ಎತ್ತಿದಳು. "ಒಂದು ಕೇಳ್ರಿ. ಆ ಮನಿ ಬಾಗಲಾ ದಡ್ ಅಂತೈತೇನು?"

ದುಭಾಷಿ ಕೇಳಿದ. ತಾನಾಬಿ ಯೋಚಿಸಿ, ಕೈಯನ್ನು ಪಕ್ಕಕ್ಕೆ ಸರಿಸಿ ತೋರಿಸಿದ.

"ಒಳಗಿನ ಬಾಗಲಾ ಎಲ್ಲಾ ಸರ್ರ್ ಅಂತ ಬಾಜೂಕ ಸರೀತಾವಂತ. ಮುಂಬಾಗಲಾ ಕಬ್ಬಿಣದ್ದು. ಆದ್ರ ಮ್ಯಾಲೊಂದು ಸ್ಪ್ರಿಂಗ್ ಹಚ್ಚ್ಯಾರ. ಎಷ್ಟ ಜೋರ್ ತಳ್ಳಿದ್ರೂ ಸಾವಕಾಶ ಹೋಗಿ ಮುಚ್ಚಿಕೊಳ್ತೈತಿ."

"ಸಾವಕಾಶ!" ಅಕ್ಕ ಗೋಡೆಯಾಚೆ ಕತ್ತು ಚಾಚಿದ್ದ ಇಂದ್ರವ್ವನ ಕಡೆ ನೋಡಿದಳು. "ಅಯ್ಯ ಶಿವನ, ಅಲ್ಲೂ ಬಾಗಲಾ ಹಿಂದ ಇಂದ್ರವ್ವ ನಿಂತಾಳೇನು? ಒಲ್ಲೆ. ನನಗ ಆ ಅರಮನಿ ಬ್ಯಾಡ."

"ಏ ಇಕಿ, ವಿಚಾರ ಮಾಡು..." ಎಂದ ಮಾವ.

"ವಿಚಾರ ಆತು. ಉಡಿ ತುಂಬಿದ ಮಗಳ ಮನಿ ಕೀಲಿಕೈ ಕಸಗೊಳ್ತಾರೇನು ಯಾರರ? ಕಲ್ಲಿಗೆ ಆದಷ್ಟು ಹಣ ಕೊಟ್ಟು ಹೋಗಪಾ ತಾನಾಬಿ. ಆಕಿಗೆ ಹೇಳು, ಸೀರಿ ತಿರುವಿ ಉಟ್ಟಾಳ ಅಂತ."

ಇದನ್ನು ದುಭಾಷಿ ಹೇಳಿದಾಗ ತಾನಾಬಿ ಮೇಲೆದ್ದು ಕಣ್ಣೊರೆಸಿಕೊಂಡ. ಆಮೇಲೆ ತಿಳಿದದ್ದು ಇನ್ನೂ ಸ್ವಾರಸ್ಯದ ಸಂಗತಿ. ಮಾವ ಪ್ರತಿ ಸಲ ಹಣ ಒಲ್ಲೆ ಎಂದಾಗ, ಬೆಲೆ ಸಾಲದೆಂದು ಈ ಮಹಾ ವ್ಯಾಪಾರಿ ಮುನಿಸಿಕೊಂಡಿದ್ದಾನೆಂದು ತಿಳಿದು ಜಪಾನಿನವರು ಬೆಲೆ ಏರಿಸುತ್ತಲೇ ಹೋಗಿದ್ದರು. ಬಾಯಿ ತೆರೆಯದೆ ಇಂಥ ಚೌಕಾಶಿ ಮಾಡಿದವರು ಕಲ್ಲಿನ ವ್ಯಾಪಾರದಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ. ಮಾವ ಅದೆಲ್ಲ ತನ್ನ ಲೆಕ್ಕಾಚಾರವೇ ಎಂದು ಇಂದಿಗೂ ಹೇಳುತ್ತಾನೆ.

ಅಕ್ಕ ಮತ್ತೊಮ್ಮೆ ತಟ್ಟೆ ತಂದಳು. ತಾನಾಬಿ ಯಾರೂ ಹೇಳುವ ಮೊದಲೇ ಟೋಪಿ ಒಡ್ಡಿದ.

ಮುಂದಿನ ವರ್ಷ ಬಸ್ ಸ್ಟ್ಯಾಂಡಿನ ಹಿಂದೆ ಅಕ್ಕನ ಮನೆ ಎದ್ದಿತು. ಎರಡು ಖೋಲಿ, ಒಂದು ಅಡಿಗೆಮನೆ. ಲೆಕ್ಕ ಹಿಡಿದರೆ ಜಪಾನಿನ ಅರಮನೆಯಷ್ಟೇ. ಮುಂಬಾಗಿಲ ಮೇಲ್ಗಡೆ ಕೆಂಪು ಕಲ್ಲಿನಲ್ಲಿ "ತಾನಾಬಿ ಮ್ಯಾನ್ಶನ್" ಎಂದು ಅಂದಪ್ಪ ಮಾಸ್ತರರು ಕೆತ್ತಿಸಿದರು. ಬಾಗಿಲು ಮಾತ್ರ ಅಕ್ಕನದೇ ಆಯ್ಕೆ. ಇಬ್ಬರು ಬಡಗಿಗಳು ಎತ್ತಿ ತಂದ ಮತ್ತಿ ಮರದ ಬಾಗಿಲು.

ಗೃಹಪ್ರವೇಶದ ದಿನ ಊಟವಾದ ಮೇಲೆ ಬೀಗರೆದುರು ಮಾವ ಮೀಸೆ ತಿರುವಿದ: "ಖರೆ ಹೇಳ್ತೇನಿ, ಜಪಾನದ ಮನಿ ನಾನ ಬ್ಯಾಡ ಅಂದೆ."

ಅಕ್ಕ ಅವನ ಮುಖ ನೋಡಿದಳು. ಸೆರಗು ಸಿಕ್ಕಿಸಿದಳು. ಒಳಗೆ ಹೋದಳು. ಇಷ್ಟು ವರ್ಷ ಬಾಡಿಗೆ ಮನೆಯಲ್ಲಿ ನುಂಗಿದ ಸಿಟ್ಟನ್ನೆಲ್ಲ ಒಂದೇ ಕೈಗೆ ತಂದುಕೊಂಡಳು.

ದಡ್!

ಹೊರಗೆ ಉಳಿದ ಮಾವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ. "ಕೇಳಿದ್ಯೇನಲೇ ಕಾಶ್ಯಾ?" ಎಂದ. "ಏನು ಬಾಗಲಾ!"

ಕೇಳದೇನು? ಹುನಗುಂದದಲ್ಲಿ ಗುಬ್ಬಿ ಹಾರಿದವು. ಮರುದಿನ ರೇಡಿಯೋದಲ್ಲಿ ಜಪಾನಿನಲ್ಲಿ ಸಣ್ಣ ಭೂಕಂಪವಾಯಿತೆಂದೂ ಕಾರಣ ತಿಳಿದಿಲ್ಲವೆಂದೂ ಹೇಳಿದರು. ಅವರಿಗೆ ತಿಳಿದಿರಲಿಕ್ಕಿಲ್ಲ. ತಾನಾಬಿಗೆ ತಿಳಿದಿರುತ್ತದೆ.